ದಿಲ್ಲಿಯ ಹವೆ, ಫಾರ್ಮಲಿನ್ನಿನ ಘಾಟು

ನವೆಂಬರ್ ಬಂತೆಂದರೆ ದಿಲ್ಲಿಯಲ್ಲಿ ಎಷ್ಟೋ ಮುಖಗಳಿಗೆ ಎನ್-95 ಏರುತ್ತದೆ. ನೋಯ್ಡಾ, ಗುರುಗ್ರಾಮದ ಅಂಗಾಂಶ ಪರೀಕ್ಷಿಸುವ ಹಿಸ್ಟಾಲಜಿ ಲ್ಯಾಬ್‌ಗೆ ಹೊಸದಾಗಿ ಸೇರಿದ ಹುಡುಗರು ಅದೇ ಮಾಸ್ಕ್ ನೆಚ್ಚಿಕೊಂಡು ಅಂಗಾಂಶ ಕತ್ತರಿಸುವ ಗ್ರಾಸಿಂಗ್ ಟೇಬಲ್ ಮುಂದೆ ನಿಲ್ಲುತ್ತಾರೆ. ದೂಳಿನ ಕಣ ತಡೆಯುವ ಮಾಸ್ಕ್ ಫಾರ್ಮಲಿನ್ನಿನ ಆವಿಯನ್ನು ತಡೆಯುವುದಿಲ್ಲ. ಈ ಊರಿನ ಕೆಲಸದಲ್ಲಿ ನಾನು ಮೊದಲು ಕಲಿತದ್ದು ಇದನ್ನು, ಹೊಸಬರಿಗೆ ಮೊದಲು ಹೇಳುವುದೂ ಇದನ್ನೇ.

ಎನ್-95 ನಿಜವಾಗಿ ಬೇಕಾದದ್ದು ಅಂಗಾಂಶವನ್ನು ಹೆಪ್ಪುಗಟ್ಟಿಸಿ ಕತ್ತರಿಸುವ ಕ್ರಯೋಸ್ಟಾಟ್ ಹತ್ತಿರ. ಆಪರೇಷನ್ ನಡೆಯುತ್ತಿರುವಾಗಲೇ ಬರುವ ಹಸಿ ಅಂಗಾಂಶ ಫಾರ್ಮಲಿನ್ ಕಂಡಿರುವುದಿಲ್ಲ. ಅದರಲ್ಲಿ ಟಿಬಿ ಇದ್ದರೆ ರೋಗಾಣು ಜೀವಂತವಾಗಿಯೇ ಇರುತ್ತದೆ. ಬೇಗ ಹೆಪ್ಪುಗಟ್ಟಲಿ ಎಂದು ಸ್ಪ್ರೇ ಹೊಡೆದರೆ ಆ ರೋಗಾಣು ಗಾಳಿಗೆ ಚಿಮ್ಮಬಹುದು.

ಫಾರ್ಮಲಿನ್ನಿನಲ್ಲಿದ್ದು ಅಂಗಾಂಶ ಕೊಳೆಯದಂತೆ ಕಾಯುವ ಫಾರ್ಮಾಲ್ಡಿಹೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಮೆರಿಕದ ಕೆಲಸದ ಸುರಕ್ಷತಾ ಸಂಸ್ಥೆ ಓಷಾದ ನಿಯಮದಂತೆ ಎಂಟು ಗಂಟೆಯ ಪಾಳಿಯಲ್ಲಿ ಅದರ ಸರಾಸರಿ ಪ್ರಮಾಣ ಗಾಳಿಯ ಹತ್ತು ಲಕ್ಷ ಭಾಗಕ್ಕೆ 0.75 ಭಾಗ ಮೀರುವಂತಿಲ್ಲ. ಘಾಟು ಬಂದರೆ ಗೊತ್ತಾಗುತ್ತದಲ್ಲ ಎನ್ನುವವರಿದ್ದಾರೆ. ಮೂಗನ್ನು ನಂಬಬಾರದು, ಅದು ಬಹಳ ಬೇಗ ಒಗ್ಗಿಕೊಳ್ಳುತ್ತದೆ. ಕಾಪಾಡುವುದು ಆವಿ ಮುಖಕ್ಕೇರುವ ಮೊದಲೇ ಕೆಳಕ್ಕೆಳೆದುಕೊಳ್ಳುವ ಟೇಬಲ್. ಕರೆಂಟ್ ಹೋಗಿ ಅದರ ಫ್ಯಾನ್ ನಿಂತರೆ ಡಬ್ಬಿಗಳ ಮುಚ್ಚಳ ಬಿಗಿದು ಹೊರಗೆ ಬರಬೇಕು, ರಿಪೋರ್ಟ್‌ಗಾಗಿ ಸರ್ಜನ್ ಎಷ್ಟೇ ಅವಸರ ಮಾಡಲಿ. ಚಳಿಗಾಲದಲ್ಲಿ ಹೊಗೆಮಂಜಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿದಾಗಲಂತೂ ಆ ಫ್ಯಾನೇ ಗತಿ.

ಬೇಸಿಗೆಯ ಚಿಂತೆ, ಅಂಗಾಂಶವನ್ನು ಮೇಣಕ್ಕೆ ಹದಗೊಳಿಸುವ ದ್ರಾವಕ ಝೈಲೀನ್. ಸುಮಾರು 25–30 ಡಿಗ್ರಿ ಸೆಲ್ಸಿಯಸ್‌ಗೇ ಅದು ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಮೇ ತಿಂಗಳ ದಿಲ್ಲಿಯಲ್ಲಿ ಬಿಸಿಲು 45ರ ಹತ್ತಿರ ಹೋಗುತ್ತದೆ. ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ನೆಲಕ್ಕಂಟಿಕೊಂಡೇ ಹರಿದು, ಆಚೆ ಮೂಲೆಯ ಫ್ರಿಜ್‌ನ ಕಿಡಿಯವರೆಗೂ ಹೋಗಬಲ್ಲದು. ಹಾಗಾಗಿ ಎಸಿ ಇಲ್ಲದ ಸ್ಟೋರ್ ರೂಮಿನಲ್ಲಿ ಝೈಲೀನ್ ಕ್ಯಾನ್ ಇಡುವುದನ್ನು ನಾನು ಒಪ್ಪುವುದಿಲ್ಲ. 2019ರ ಆಗಸ್ಟ್ 17ರಂದು ದಿಲ್ಲಿಯ ಆಸ್ಪತ್ರೆಯಾದ ಏಮ್ಸ್‌ನ ಬೋಧನಾ ಕಟ್ಟಡಕ್ಕೆ ಬೆಂಕಿ ಬಿದ್ದಾಗ ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಕಾರಣ ಏನೇ ಇರಲಿ, ಆಸ್ಪತ್ರೆಯ ಬೆಂಕಿ ಹುಟ್ಟಿದ ಕೋಣೆಗೇ ಮುಗಿಯುವುದಿಲ್ಲ. ಗೋಡೆಯಾಚೆ ಎದ್ದು ಓಡಲಾರದವರು ಮಲಗಿರುತ್ತಾರೆ.

ಮೇಣದ ಬ್ಲಾಕ್‌ನಲ್ಲಿ ಕೂರಿಸಿದ ಅಂಗಾಂಶವನ್ನು ತೆಳುವಾಗಿ ಕತ್ತರಿಸುವ ಮೈಕ್ರೋಟೋಮ್‌ಗೆ ಋತುವಿನ ಭೇದವಿಲ್ಲ. ಬ್ಲಾಕ್ ಬದಲಿಸುವಾಗ ಮೊದಲು ಚಕ್ರಕ್ಕೆ ಲಾಕ್, ಆಮೇಲೆ ಬ್ಲೇಡ್ ಮೇಲೆ ಗಾರ್ಡ್, ಅದಾದ ಮೇಲಷ್ಟೇ ಕೈ. ಮೇಣದ ಚೂರನ್ನು ಬ್ರಷ್‌ನಿಂದಲೇ ತೆಗೆಯಬೇಕು, ಬೆರಳಿನಿಂದಲ್ಲ. ನಾನು ಕಂಡಂತೆ ಕುಯ್ದುಕೊಳ್ಳುವವರು ಹೊಸಬರಿಗಿಂತ ಕೈ ಪಳಗಿದವರೇ: ಮಾತಾಡುತ್ತಾ ಕತ್ತರಿಸುತ್ತಾರೆ, ಒಂದು ಬ್ಲಾಕ್‌ಗೆ ಲಾಕ್ ಯಾಕೆ ಎನ್ನುತ್ತಾರೆ. ಬಳಸಿದ ಬ್ಲೇಡ್, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ, ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ ಹೋಗಬೇಕು. ನೆಲಕ್ಕುದುರಿದ ಮೇಣವನ್ನು ಪಾಳಿ ಮುಗಿಯುವವರೆಗೆ ಬಿಡದೆ ಆಗಿಂದಾಗಲೇ ಕೆರೆದು ತೆಗೆಯುವುದು ಒಳ್ಳೆಯದು, ಅದರ ಮೇಲೆ ಕಾಲಿಟ್ಟವರು ಜಾರಿ ಆತುಕೊಳ್ಳಲು ಕೈಚಾಚುವುದು ಎಷ್ಟೋ ಸಲ ಬ್ಲೇಡ್ ಇರುವ ಮೇಜಿನ ಕಡೆಗೇ.