ನಾಯಿ, ಮರಗೆಣಸು ಮತ್ತು ಮಧುಮೇಹ: ಪ್ರಾಣಿಪ್ರಯೋಗದ ಒಂದು ಪಾಠ

ತಿರುವನಂತಪುರ ನಗರದ ಉತ್ತರ ಭಾಗದಲ್ಲಿರುವ ಶ್ರೀಕಾರ್ಯಂನಲ್ಲಿ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ 1963ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಅಧ್ಯಯನಗಳಲ್ಲಿ ಮರಗೆಣಸಿಗೆ ಪ್ರಮುಖ ಸ್ಥಾನವಿದೆ. ದಕ್ಷಿಣ ಅಮೆರಿಕ ಮೂಲದ ಈ ಗೆಡ್ಡೆಯನ್ನು 1880ರಿಂದ 1885ರವರೆಗೆ ತಿರುವಾಂಕೂರನ್ನು ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಪ್ರಜೆಗಳಲ್ಲಿ ಪ್ರಚಾರಕ್ಕೆ ತಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದ ಅಕ್ಕಿ ಬರುವುದು ನಿಂತಾಗ ಅಲ್ಲಿನ ಬಡ ಜನರ ಹಸಿವನ್ನು ನೀಗಿದುದು ಇದೇ ಬೆಳೆ. ಇಂತಹ ಆಹಾರದ ಮೇಲೆ ಮುಂದೆ ಗಂಭೀರವಾದ ಸಂಶಯವೊಂದು ಮೂಡಿತು. ಆ ಸಂಶಯದ ವಿಚಾರಣೆಯನ್ನು ಅವಲೋಕಿಸಿದರೆ, ಪ್ರಯೋಗಶಾಲೆಯ ನಾಯಿಯು ಮನುಷ್ಯನಿಗೆ ಏನನ್ನು ತಿಳಿಸಬಲ್ಲದು, ಏನನ್ನು ತಿಳಿಸಲಾರದು ಎಂಬುದು ಮನದಟ್ಟಾಗುತ್ತದೆ.

ನಾಯಿಯಿಂದ ದೊರೆತ ಜ್ಞಾನ

ಮಧುಮೇಹಕ್ಕೂ ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಗೂ ಇರುವ ಸಂಬಂಧವು ಮೊದಲು ಸ್ಥಿರಪಟ್ಟುದು ನಾಯಿಗಳಿಂದಲೇ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ಎಂಬ ವಿಜ್ಞಾನಿಗಳು ಈ ಗ್ರಂಥಿಯನ್ನು ತೆಗೆದ ನಾಯಿಗೆ ತೀವ್ರ ಮಧುಮೇಹ ಉಂಟಾಗುವುದನ್ನು ಕಂಡರು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಗ್ರಂಥಿಯ ಸಾರವನ್ನು ಅಂತಹ ನಾಯಿಗಳಿಗೆ ಚುಚ್ಚಿ, ರಕ್ತದ ಸಕ್ಕರೆ ಇಳಿಯುವುದನ್ನು ತೋರಿಸಿದರು. 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಈ ಚಿಕಿತ್ಸೆ ದೊರೆಯಿತು. ಅದುವರೆಗೆ ಸಾವನ್ನೇ ಎದುರು ನೋಡುತ್ತಿದ್ದ ಮಕ್ಕಳಿಗೆ ಇನ್ಸುಲಿನ್ ಬದುಕನ್ನು ನೀಡಿತು. ಈ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಅದಕ್ಕಾಗಿ ಅನೇಕ ನಾಯಿಗಳು ಪ್ರಾಣ ತೆತ್ತವೆಂಬುದನ್ನೂ ಮರೆಯುವಂತಿಲ್ಲ.

ಮರಗೆಣಸಿನ ಮೇಲೆ ಸಂಶಯ

ಮದ್ಯಪಾನದ ಅಭ್ಯಾಸವಿಲ್ಲದ ಎಳೆಯರಲ್ಲಿಯೂ ಮೇದೋಜೀರಕ ಗ್ರಂಥಿಯಲ್ಲಿ ಕಲ್ಲುಗಳು ಬೆಳೆದು, ಮೇಲಿಂದ ಮೇಲೆ ಹೊಟ್ಟೆನೋವು ಕಾಣಿಸಿಕೊಂಡು, ಕೊನೆಗೆ ಮಧುಮೇಹ ತಲೆದೋರುವ ವ್ಯಾಧಿಯೊಂದು ಕೇರಳದಲ್ಲಿ ಕಂಡುಬಂದಿತು. 1960ರ ದಶಕದಲ್ಲಿ ವೈದ್ಯ ಪಿ.ಜೆ. ಗೀವರ್ಗೀಸ್ ಅವರು ಇಂತಹ ರೋಗಿಗಳನ್ನು ದೊಡ್ಡ ಸಂಖ್ಯೆಯಲ್ಲಿ ದಾಖಲಿಸಿದರು. 1959ರಲ್ಲಿಯೇ ಇಂಡೋನೇಷ್ಯದಿಂದ ಇಂತಹ ವರದಿ ಬಂದಿತ್ತು. ಎರಡೂ ಕಡೆ ಬಡವರ ಆಹಾರ ಮರಗೆಣಸೇ ಆಗಿತ್ತು. ಹಸಿ ಮರಗೆಣಸಿನಲ್ಲಿ ಲಿನಮಾರಿನ್ ಎಂಬ ಪದಾರ್ಥವಿದ್ದು, ಅದರಿಂದ ಸಯನೈಡ್ ವಿಷವು ಬಿಡುಗಡೆಯಾಗುತ್ತದೆ. ಈ ವಿಷವನ್ನು ನಿವಾರಿಸಿಕೊಳ್ಳಲು ದೇಹಕ್ಕೆ ಗಂಧಕಾಂಶವುಳ್ಳ ಪ್ರೋಟೀನು ಬೇಕು. ಅರೆಹೊಟ್ಟೆಯ ಬಡವರಲ್ಲಿ ಅದರ ಕೊರತೆಯಿರುವುದರಿಂದ ಗ್ರಂಥಿಯು ಕೆಡುತ್ತಿರಬಹುದೆಂದು ಹಲವರು ಭಾವಿಸಿದರು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಪೌಷ್ಟಿಕತೆಗೆ ಸಂಬಂಧಿಸಿದ ಮಧುಮೇಹವನ್ನು ಒಂದು ಪ್ರತ್ಯೇಕ ವರ್ಗವೆಂದೇ ಗುರುತಿಸಿತು.

ಪ್ರಯೋಗಗಳ ಉತ್ತರ

ನೈಜೀರಿಯದಲ್ಲಿ ಬೆಳೆಯುವ ವಯಸ್ಸಿನ ನಾಯಿಗಳಿಗೆ ಮರಗೆಣಸಿನ ಆಹಾರವನ್ನು ನೀಡಿ ನಡೆಸಿದ ಅಧ್ಯಯನವು 1993ರಲ್ಲಿ ಪ್ರಕಟವಾಯಿತು. ಆ ನಾಯಿಗಳ ಮೇದೋಜೀರಕ ಗ್ರಂಥಿಗೆ ಹಾನಿಯಾದುದು ಕಂಡುಬಂದಿತ್ತು. ಇಷ್ಟನ್ನೇ ನೋಡಿದರೆ ಸಂಶಯವು ದೃಢಪಟ್ಟಂತೆಯೇ ಸರಿ. ಆದರೆ ಚೆನ್ನೈನಲ್ಲಿ ಇಲಿಗಳಿಗೆ ದೀರ್ಘಕಾಲ ಮರಗೆಣಸನ್ನು ಉಣಿಸಿ ನಡೆಸಿದ, 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಲಿಗಳಿಗೆ ಈ ವ್ಯಾಧಿಯೂ ಬರಲಿಲ್ಲ, ಮಧುಮೇಹವೂ ಬರಲಿಲ್ಲ. ಒಂದು ಪ್ರಾಣಿ ಹೌದೆಂದಿತು, ಇನ್ನೊಂದು ಅಲ್ಲವೆಂದಿತು.

ನಿಜವಾದ ಸುಳಿವು ದೊರೆತುದು ಮನುಷ್ಯರ ಅಧ್ಯಯನದಿಂದ. ಮರಗೆಣಸನ್ನು ತಿನ್ನದವರಲ್ಲಿಯೂ ಈ ವ್ಯಾಧಿಯಿರುವುದು ತಿಳಿದುಬಂದಿತು. ಗ್ರಂಥಿಯು ತನ್ನದೇ ಜೀರ್ಣರಸಕ್ಕೆ ತುತ್ತಾಗದಂತೆ ಕಾಯುವ ಸ್ಪಿಂಕ್-1 ಎಂಬ ಜೀನು ಅನೇಕ ಭಾರತೀಯ ರೋಗಿಗಳಲ್ಲಿ ಬದಲಾವಣೆ ಹೊಂದಿರುವುದು 2002ರಲ್ಲಿ ಬೆಳಕಿಗೆ ಬಂದಿತು. ಇದಕ್ಕೆ ನಾಯಿಯ ದೇಹ ಬೇಕಾಗಲಿಲ್ಲ. ರೋಗಿಗಳ ರಕ್ತದ ಮಾದರಿ ಸಾಕಾಯಿತು. ಗ್ರಂಥಿಯ ಮೂಲ ಕಾರ್ಯವು ನಾಯಿಯಲ್ಲಿಯೂ ಮನುಷ್ಯನಲ್ಲಿಯೂ ಒಂದೇ ಆದುದರಿಂದ 1921ರ ಪ್ರಯೋಗ ಫಲಿಸಿತು. ಆಹಾರ, ಅನುವಂಶೀಯತೆ, ಬಡತನ ಇವು ಕೂಡಿ ತರುವ ರೋಗದ ವಿಷಯದಲ್ಲಿ ನಾಯಿಯ ಸಾಕ್ಷ್ಯವೊಂದೇ ಸಾಲದಾಯಿತು.

ಕಾನೂನಿನ ನಿಲುವು

ಭಾರತದ ಕಾನೂನು ಈ ವಿವೇಚನೆಯನ್ನೇ ಅಪೇಕ್ಷಿಸುತ್ತದೆ. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ನಡೆಸಿದ ಪ್ರಯತ್ನದ ಹಿನ್ನೆಲೆಯಲ್ಲಿ ಜಾರಿಗೆ ಬಂದ 1960ರ ಪ್ರಾಣಿಹಿಂಸೆ ತಡೆ ಅಧಿನಿಯಮವು ರೋಗನಿವಾರಣೆ ಹಾಗೂ ಜ್ಞಾನವೃದ್ಧಿಗಾಗಿ ನಡೆಸುವ ಪ್ರಯೋಗಗಳನ್ನು ನಿಷೇಧಿಸುವುದಿಲ್ಲ. ಆದರೆ ಅದರ 17ನೆಯ ಕಲಮಿನಲ್ಲಿ ಹೇಳಿರುವ ಉದ್ದೇಶಗಳು ಗಮನಾರ್ಹವಾಗಿವೆ:

1. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಲು ಸಾಧ್ಯವಿರುವೆಡೆ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕು.
2. ಸಣ್ಣ ಪ್ರಾಣಿಗಳಿಂದ ಅದೇ ಫಲ ದೊರೆಯುವಾಗ ದೊಡ್ಡ ಪ್ರಾಣಿಗಳನ್ನು ಬಳಸಬಾರದು.
3. ಕೇವಲ ಕೈಚಳಕ ಗಳಿಸಲು ಪ್ರಯೋಗ ನಡೆಸಬಾರದು.

1998ರ ನಿಯಮಗಳ ಪ್ರಕಾರ ಸಂಸ್ಥೆಗಳು ನೋಂದಣಿ ಮಾಡಿಸಬೇಕು ಮತ್ತು ಪ್ರಾಣಿಗಳ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. ನಾಯಿಯಂತಹ ದೊಡ್ಡ ಪ್ರಾಣಿಗಳಾದರೆ ಕೇಂದ್ರ ಸಮಿತಿಯ ಅನುಮತಿಯೂ ಅಗತ್ಯ. ಪ್ರಯೋಗದ ನಂತರ ಪ್ರಾಣಿಯ ಆರೈಕೆ ಮತ್ತು ಪುನರ್ವಸತಿಯ ಹೊಣೆ ಸಂಶೋಧಕರದು. ಅದರ ವೆಚ್ಚವು ಸಂಶೋಧನೆಯ ವೆಚ್ಚದಲ್ಲಿಯೇ ಸೇರಬೇಕು. ಬೆಂಗಳೂರಿನಲ್ಲಿ ಪ್ರಯೋಗಶಾಲೆಗಳಿಂದ ಬಿಡುಗಡೆಯಾದ ಬೀಗಲ್ ತಳಿಯ ನಾಯಿಗಳನ್ನು ಪ್ರಾಣಿದಯಾ ಕಾರ್ಯಕರ್ತರು ಮನೆಗಳಿಗೆ ದತ್ತು ನೀಡಿದ್ದುಂಟು.

ಹೊಸ ಔಷಧದ ವಿಷಪರೀಕ್ಷೆಗೆ ಇಲಿಯ ಗುಂಪಿನ ಒಂದು ಪ್ರಾಣಿಯನ್ನೂ ಅದಕ್ಕೆ ಸೇರದ ಇನ್ನೊಂದನ್ನೂ ಬಳಸುವುದು ರೂಢಿ. ಎರಡನೆಯದಾಗಿ ಹೆಚ್ಚಾಗಿ ಆಯ್ಕೆಯಾಗುವುದು ಗಾತ್ರದಲ್ಲಿ ಚಿಕ್ಕದಾದ, ಸಾಧು ಸ್ವಭಾವದ ಬೀಗಲ್. ಮನುಷ್ಯನನ್ನು ನಂಬುವ ಗುಣವೇ ಅದನ್ನು ಪಂಜರಕ್ಕೆ ತಂದಿದೆ. ಪ್ರಸಾಧನ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತವು 2014ರಲ್ಲಿ ನಿಷೇಧಿಸಿತು. 2023ರ ತಿದ್ದುಪಡಿಯು ಔಷಧ ಪರೀಕ್ಷೆಯಲ್ಲಿ ಮಾನವ ಜೀವಕೋಶ ಹಾಗೂ ಕಂಪ್ಯೂಟರ್ ಆಧಾರಿತ ವಿಧಾನಗಳಿಗೂ ಮನ್ನಣೆ ನೀಡಿದೆ.

ಉಪಸಂಹಾರ

ಮರಗೆಣಸಿನ ವಿಷಯದಲ್ಲಿ ಜನರು ವಹಿಸಬೇಕಾದ ಎಚ್ಚರಿಕೆ ಸರಳವಾಗಿದೆ. ಸಿಪ್ಪೆ ತೆಗೆದು, ಹೋಳು ಮಾಡಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು. ಜೊತೆಗೆ ಮೀನು ಅಥವಾ ಬೇಳೆಕಾಳಿನಂತಹ ಪ್ರೋಟೀನುಯುಕ್ತ ಆಹಾರವಿರಬೇಕು. ಕೇರಳದ ಗೃಹಿಣಿಯರು ಗೆಣಸಿನೊಡನೆ ಮೀನಿನ ಸಾರನ್ನು ಬಡಿಸುವ ಪದ್ಧತಿಯಲ್ಲಿ ಈ ವಿವೇಕ ಅಡಗಿದೆ.

ಪ್ರಾಣಿಪ್ರಯೋಗದ ವಿಷಯದಲ್ಲಿಯೂ ಎಚ್ಚರಿಕೆ ಅಷ್ಟೇ ಅಗತ್ಯ. ಕೇಳಬೇಕಾದ ಪ್ರಶ್ನೆಗೆ ನಾಯಿಯ ದೇಹವು ಉತ್ತರ ನೀಡಬಲ್ಲದೇ, ಬೇರೆ ಮಾರ್ಗವಿಲ್ಲವೇ ಎಂಬುದನ್ನು ಮೊದಲು ನಿರ್ಧರಿಸಬೇಕು. ಬೇರೆ ಮಾರ್ಗವಿದ್ದೂ ನಾಯಿಯನ್ನು ನೋಯಿಸಿದರೆ ಅದು ವಿಜ್ಞಾನದ ಸೇವೆಯಾಗದು.