ಫೋಟೋ ತೆಗೆಯುವ ಮೊದಲು ಬೆಳಕು ನೋಡಿ



ನಮ್ಮ ತಾತ ನಾನು ಹುಟ್ಟುವ ಮೊದಲೇ ತೀರಿಕೊಂಡರು. ಅವರ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿ ಇಲ್ಲ. ಅದಕ್ಕೇ ಬೇಸಿಗೆ ರಜದಲ್ಲಿ ಮಾವ ಕ್ಯಾಮರಾ ತಂದಾಗ, ಅಜ್ಜಿಯ ಫೋಟೋ ನಾನೇ ತೆಗೀತೀನಿ ಅಂತ ಹಟ ಹಿಡಿದೆ. ಅಜ್ಜಿಯನ್ನು ಬಾಗಿಲಲ್ಲಿ ಕೂರಿಸಿ, ನಾನು ಒಳಗೆ ನಿಂತು ಬಟನ್ ಒತ್ತಿದೆ. ಹಿಂದಿನ ಬೀದಿ ಚೆನ್ನಾಗಿ ಬಂತು. ಅಜ್ಜಿ ಮುಖ ಮಾತ್ರ ಮಸಿ! "ಏನ್ಲಾ, ಇದು ನಾನೋ, ನನ್ನ ನೆರಳೋ?" ಅಂತ ಅಜ್ಜಿ ಕೇಳಿತು. ಆಗ ಮಾವ ಹೇಳಿಕೊಟ್ಟಿದ್ದನ್ನು ಇಲ್ಲಿ ಬರೆದಿದ್ದೇನೆ.

ಬೆಳಕಿನ ಲೆಕ್ಕ

ಕ್ಯಾಮರಾಕ್ಕೆ ಬೆಳಕು ಬಿಡುವುದು ಕೆರೆ ತೂಬಿನಿಂದ ಗದ್ದೆಗೆ ನೀರು ಬಿಟ್ಟ ಹಾಗೆ. ತೂಬು ಪೂರ್ತಿ ತೆಗೆದರೆ ಸ್ವಲ್ಪ ಹೊತ್ತು ಸಾಕು. ಅರ್ಧ ತೆಗೆದರೆ ಹೆಚ್ಚು ಹೊತ್ತು ಬೇಕು. ಬೆಳಕು ಜಾಸ್ತಿಯಾದರೆ ಫೋಟೋ ಬಿಳಿಚಿಕೊಳ್ಳುತ್ತದೆ, ಕಮ್ಮಿಯಾದರೆ ಕಪ್ಪಾಗುತ್ತದೆ.

1. ಅಪರ್ಚರ್: ಇದು ಲೆನ್ಸಿನ ಕಿಂಡಿ. ಇದರ ಸಂಖ್ಯೆಗಳು 4, 5.6, 8, 11, 16. ಸಂಖ್ಯೆ ದೊಡ್ಡದಾದರೆ ಕಿಂಡಿ ಚಿಕ್ಕದು! ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತದೆ.

2. ಶಟರ್: ಕಿಂಡಿಯಿಂದ ಬೆಳಕು ಬೀಳುವ ಹೊತ್ತು. 1/60, 1/125, 1/250 ಸೆಕೆಂಡ್ ಹೀಗೆ. ಅಪರ್ಚರ್ 8, ಶಟರ್ 1/125 ಇಟ್ಟರೂ ಒಂದೇ, 5.6 ಮತ್ತು 1/250 ಇಟ್ಟರೂ ಒಂದೇ. ಬೀಳುವ ಬೆಳಕು ಅಷ್ಟೇ.

3. ಐಎಸ್‌ಒ: 100 ಇದ್ದದ್ದನ್ನು 200 ಮಾಡಿದರೆ ಅರ್ಧ ಬೆಳಕೇ ಸಾಕು. ತುಂಬಾ ಏರಿಸಿದರೆ ಫೋಟೋದಲ್ಲಿ ಮರಳು ಎರಚಿದ ಹಾಗೆ ಚುಕ್ಕೆ ಕಾಣುತ್ತವೆ.

ಶಟರ್ ತುಂಬಾ ಹೊತ್ತು ತೆರೆದಿದ್ದರೆ ಅಲುಗಾಡುವುದು ಕಲಸಿಹೋಗುತ್ತದೆ. 1838ರಲ್ಲಿ ಫ್ರಾನ್ಸಿನ ಲೂಯಿ ಡಗೇರ್ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದರು. ಆಗ ಕೆಲವು ನಿಮಿಷ ಬೆಳಕು ಬಿಡಬೇಕಿತ್ತು. ಅದರಲ್ಲಿ ಓಡಾಡುತ್ತಿದ್ದ ಜನ, ಗಾಡಿ ಮೂಡಲೇ ಇಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ನಿಂತವನು ಉಳಿದುಕೊಂಡ!

ನನ್ನ ತಪ್ಪು ಏನು?

ಅಜ್ಜಿಯ ಹಿಂದೆ ಬಿಸಿಲಿತ್ತು. ಕ್ಯಾಮರಾ ಆ ಬಿಸಿಲನ್ನೇ ಅಳೆದು ಬೆಳಕು ಕಮ್ಮಿ ತಗೊಂಡಿತು. ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನಿನ ಮೇಲಲ್ಲ. ಇನ್ನೊಂದು ತಪ್ಪು, ಹಿಂದಿನ ಕರೆಂಟು ಕಂಬ ಅಜ್ಜಿ ತಲೆಯಿಂದ ಎದ್ದ ಹಾಗೆ ಕಾಣುತ್ತಿತ್ತು.

ಎಲ್ಲಿ ಕೂರಿಸಬೇಕು?

ಚಿತ್ರದಲ್ಲಿ ಎರಡು ಅಡ್ಡಗೆರೆ, ಎರಡು ಉದ್ದಗೆರೆ ಎಳೆದಿದೆ ಅಂದುಕೊಳ್ಳಿ. 9 ಮನೆ ಆಗುತ್ತವೆ. ಕಣ್ಣು ಮೇಲಿನ ಅಡ್ಡಗೆರೆಯ ಹತ್ತಿರ ಬರಲಿ. ನೋಡುತ್ತಿರುವ ಕಡೆ ಸ್ವಲ್ಪ ಜಾಗ ಬಿಡಿ. ಕೂತವರ ಫೋಟೋ ತೆಗೆಯಬೇಕಾದರೆ ನಾವೂ ಕೂತುಕೊಳ್ಳಬೇಕು.

ಮಾರನೇ ದಿನ ಬೆಳಿಗ್ಗೆ ಅಜ್ಜಿಯನ್ನು ಜಗಲಿಯ ನೆರಳಲ್ಲಿ, ಬೀದಿ ಕಡೆ ಮುಖ ಮಾಡಿ ಕೂರಿಸಿದೆ. ಐಎಸ್‌ಒ 200, ಅಪರ್ಚರ್ 5.6, ಶಟರ್ 1/125. ಈ ಸಲ ಕೆನ್ನೆಯ ಸುಕ್ಕೂ ಬಂತು. ಅಜ್ಜಿ ತುಂಬಾ ಹೊತ್ತು ನೋಡಿ, "ನಿಮ್ಮ ತಾತಂದೂ ಹಿಂಗೇ ಒಂದು ತೆಗೆಸಬೇಕಿತ್ತು ಕಣಪ್ಪ" ಅಂತು.

ಮಾಡಿ ನೋಡಿ: ಕ್ಯಾಮರಾ ಇಲ್ಲದಿದ್ದರೂ ಪರವಾಗಿಲ್ಲ. ರಟ್ಟಿನಲ್ಲಿ ಚೌಕ ಕತ್ತರಿಸಿ, ಅಡ್ಡ ಎರಡು, ಉದ್ದ ಎರಡು ದಾರ ಕಟ್ಟಿ. ಗೆಳೆಯನನ್ನು ಕಿಟಕಿ ಹತ್ತಿರ ನಿಲ್ಲಿಸಿ, ಮೂರು ಕಡೆಯಿಂದ ಅದರಲ್ಲಿ ನೋಡಿ. ಮುಖ ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

– ಏಳನೇ ತರಗತಿಯ ವಿದ್ಯಾರ್ಥಿ