ಶತಕದ ಚೆಂಡು ಏನನ್ನು ಹೇಳುತ್ತದೆ?

೧೯೪೭ನೆಯ ಇಸವಿ ನವೆಂಬರ್ ೧೫ರಂದು ಸಿಡ್ನಿಯ ಮೈದಾನದಲ್ಲಿ ಡೊನಾಲ್ಡ್ ಬ್ರ್ಯಾಡ್ಮನ್ನರು ಭಾರತೀಯ ತಂಡದ ಎದುರು ಆಡುತ್ತಿದ್ದರು. ಪ್ರಥಮ ದರ್ಜೆಯ ಆಟದಲ್ಲಿ ಅವರು ಅದುವರೆಗೆ ಗಳಿಸಿದ್ದ ಶತಕಗಳು ತೊಂಬತ್ತೊಂಬತ್ತು. ಆ ದಿನವೂ ಅವರ ಓಟಗಳು ತೊಂಬತ್ತೊಂಬತ್ತಾದಾಗ, ನಾಯಕರಾದ ಲಾಲಾ ಅಮರನಾಥರು ಅಪರೂಪಕ್ಕೆ ಚೆಂಡೆಸೆಯುತ್ತಿದ್ದ ಕಿಶನ್‌ಚಂದರನ್ನು ಕರೆದರು. ಬ್ರ್ಯಾಡ್ಮನ್ನರು ಎಚ್ಚರಿಕೆಯಿಂದ ಒಂದು ಓಟವನ್ನು ಪಡೆದರು. ನೂರನೆಯ ಶತಕ ಪೂರ್ಣವಾಯಿತು.

ಇಂತಹ ಸಂದರ್ಭಗಳಲ್ಲಿ ಬಳಸಿದ ಚೆಂಡಿಗೆ ಬೆಳ್ಳಿಯ ಪಟ್ಟಿಯನ್ನು ತೊಡಿಸಿ, ಆಟಗಾರನ ಹೆಸರು, ದಿನಾಂಕ, ಓಟಗಳನ್ನು ಕೆತ್ತಿಸಿ ಕಾಪಾಡುವುದು ಕ್ರಿಕೆಟ್ಟಿನ ಒಂದು ಸಂಪ್ರದಾಯ. ಅಂತಹ ಚೆಂಡೊಂದನ್ನು ನಾವು ವಿಜ್ಞಾನದ ಕಣ್ಣಿನಿಂದ ನೋಡೋಣ.

ಇದರ ಒಡಲು ಬಿರಟೆ, ಅಂದರೆ ಕಾರ್ಕು. ಅದರ ಸುತ್ತ ಬಿಗಿಯಾಗಿ ನೂಲನ್ನು ಸುತ್ತಿ, ಮೇಲೆ ತೊಗಲನ್ನು ಹೊಲಿಯುತ್ತಾರೆ. ನಿಯಮದಂತೆ ತೂಕ ೧೫೫.೯ರಿಂದ ೧೬೩ ಗ್ರಾಂ, ಸುತ್ತಳತೆ ೨೨.೪ರಿಂದ ೨೨.೯ ಸೆಂಟಿಮೀಟರ್. ಆಟ ಸಾಗಿದಂತೆ ತೊಗಲು ಸವೆಯುತ್ತದೆ. ಆದರೆ ಆಟಗಾರರು ಒಂದು ಪಕ್ಕವನ್ನು ಮಾತ್ರ ಉಜ್ಜಿ ನುಣುಪಾಗಿಡುತ್ತಾರೆ. ಇದಕ್ಕೆ ಕಾರಣವೇನು? ಒರಟು ಪಕ್ಕದಲ್ಲಿ ಗಾಳಿಯ ತೆಳು ಪದರವು ಪ್ರಕ್ಷುಬ್ಧಗೊಂಡು ಚೆಂಡಿಗೆ ಹೆಚ್ಚು ಹೊತ್ತು ಅಂಟಿರುತ್ತದೆ. ನುಣುಪು ಪಕ್ಕದಲ್ಲಿ ಅದು ಬೇಗ ಬಿಟ್ಟುಹೋಗುತ್ತದೆ. ಎರಡು ಪಕ್ಕಗಳ ಒತ್ತಡದಲ್ಲಿ ಹೀಗೆ ಉಂಟಾಗುವ ವ್ಯತ್ಯಾಸದಿಂದ, ಸಾಧಾರಣ ವೇಗದಲ್ಲಿ, ಚೆಂಡು ಒರಟು ಪಕ್ಕದ ಕಡೆಗೆ ಬಾಗುತ್ತದೆ. ಆದ್ದರಿಂದ ಕಾಪಾಡಿದ ಚೆಂಡಿನ ಒಂದು ಪಕ್ಕದ ಹೊಳಪೂ ಇನ್ನೊಂದು ಪಕ್ಕದ ಗೀರುಗಳೂ ಆ ದಿನದ ಆಟ ಬರೆದಿಟ್ಟ ಸಾಕ್ಷ್ಯಗಳು.

ಈ ಸಾಕ್ಷ್ಯಕ್ಕೆ ಎರಡು ಅಪಾಯಗಳುಂಟು. ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳು ಬೆಳ್ಳಿಯೊಡನೆ ಕೂಡಿ ಕಪ್ಪಾದ ಬೆಳ್ಳಿ ಸಲ್ಫೈಡನ್ನು ಉಂಟುಮಾಡುತ್ತವೆ. ಹೊಳಪು ಬರಲೆಂದು ಮತ್ತೆ ಮತ್ತೆ ತಿಕ್ಕಿದರೆ ಸ್ವಲ್ಪ ಸ್ವಲ್ಪವಾಗಿ ಲೋಹವೇ ಸವೆದು, ಕೆತ್ತಿದ ಹೆಸರು ಮಾಸುತ್ತದೆ. ಎರಡನೆಯದು ತೊಗಲಿನ ಅಪಾಯ. ಒಣಹವೆಯಲ್ಲಿ ಅದು ಬಿರುಸಾಗಿ ಬಿರಿಯುತ್ತದೆ. ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಎಣ್ಣೆ ಸವರಿ ಚೆಂಡನ್ನೆಲ್ಲ ಹೊಳೆಯಿಸಿದರಂತೂ ಎರಡು ಪಕ್ಕಗಳ ಭೇದವೇ ಅಳಿದುಹೋಗುತ್ತದೆ. ಪ್ರೀತಿಯಿಂದ ಮಾಡಿದ ಶುಚಿಯೇ ಇಲ್ಲಿ ನಾಶಕ್ಕೆ ಕಾರಣವಾಗುತ್ತದೆ.

ಇನ್ನೊಂದು ವಿಷಯ. ಇಂತಿಷ್ಟು ಓವರುಗಳ ಮೇಲೆ ಹೊಸ ಚೆಂಡನ್ನು ಪಡೆಯಲು ನಿಯಮವು ಅವಕಾಶ ಕೊಡುತ್ತದೆ. ಹಾಗಾಗಿ ದೀರ್ಘವಾದ ಶತಕವೊಂದರಲ್ಲಿ ಒಂದಕ್ಕಿಂತ ಹೆಚ್ಚು ಚೆಂಡುಗಳು ಬಳಕೆಯಾಗಿರಬಹುದು. ಯಾವುದು ನಿಜವಾದ ಶತಕದ ಚೆಂಡು ಎಂಬುದನ್ನು ತೊಗಲು ಹೇಳಲಾರದು. ಆ ದಿನದ ಲೆಕ್ಕದ ಪುಸ್ತಕ ಮತ್ತು ಚೆಂಡು ಕೈಯಿಂದ ಕೈಗೆ ಬಂದ ದಾಖಲೆಗಳು ಹೇಳಬೇಕು. ವಸ್ತು ಮತ್ತು ದಾಖಲೆ ಒಂದನ್ನೊಂದು ಸಮರ್ಥಿಸಿದಾಗಲೇ ಇತಿಹಾಸ ನಿಲ್ಲುತ್ತದೆ.

ನಿಮ್ಮ ಶಾಲೆಯ ಗಾಜಿನ ಬೀರುವಿನಲ್ಲಿ ಹಳೆಯ ಚೆಂಡೋ ಬಹುಮಾನದ ಬಟ್ಟಲೋ ಇದ್ದರೆ, ಬಟ್ಟೆಯನ್ನು ಕೈಗೆತ್ತಿಕೊಳ್ಳುವ ಮೊದಲು ಲೇಖನಿಯನ್ನು ಕೈಗೆತ್ತಿಕೊಳ್ಳಿರಿ. ಅದರ ಮೇಲಿನ ಬರಹವನ್ನೂ ಗುರುತುಗಳನ್ನೂ ಮೊದಲು ಬರೆದಿಟ್ಟುಕೊಳ್ಳಿರಿ.